ಮೂರು ಚೀಲಕ್ಕೆ ಒಂದೇ ಅಕ್ಷರ

ಹೋದ ವರ್ಷ ವರಮಹಾಲಕ್ಷ್ಮಿ ಹಬ್ಬದಲ್ಲಿ ನನ್ನ ಎಣಿಕೆ ತಪ್ಪಿ, ಕೆಳಗಿನ ಮನೆಯ ಓನರ್ ಜಯಮ್ಮನವರಿಗೇ ತಾಂಬೂಲದ ಚೀಲ ಇಲ್ಲವಾಯಿತು. "ಪರ್ವಾಗಿಲ್ಲ ಬುಡವ್ವಾ" ಎಂದು ಬರೀ ಕುಂಕುಮ ಇಟ್ಟುಕೊಂಡು ಅವರು ಮೆಟ್ಟಿಲಿಳಿದ ಸದ್ದು ವರ್ಷವಿಡೀ ನನ್ನ ಕಿವಿಯಲ್ಲಿತ್ತು. ಆದ್ದರಿಂದ ಈ ಸಲ ಘೋಷಿಸಿದೆ: ಇಪ್ಪತ್ತೆರಡು ಹೆಂಗಸರು, ಇಪ್ಪತ್ತೆರಡು ಚೀಲ, ಪ್ರತಿ ಚೀಲಕ್ಕೂ ಅಚ್ಚು ಹಾಕಿದ ಹೆಸರು. ಯಾರೂ ಬರಿಗೈಯಲ್ಲಿ ಹೋಗಕೂಡದು.

ಯಂತ್ರ ಮನೆಯಲ್ಲೇ ಇತ್ತು. ನಮ್ಮ ಯಜಮಾನರು ತಮ್ಮ ಬೊಮ್ಮಸಂದ್ರದ ಕಾರ್ಖಾನೆಯಲ್ಲಿ ಬೇಡವೆಂದು ಬಿಟ್ಟ ಲೇಬಲ್ ಪ್ರಿಂಟರೊಂದನ್ನು ಕೇಳಿ ತಂದಿದ್ದರು. ಅದನ್ನು ನಡೆಸುವ ಲೈಬ್ರರಿ, ಅಂದರೆ ಸಿದ್ಧ ಪ್ರೋಗ್ರಾಮುಗಳ ಕಟ್ಟು, ಸಿ ಎಂಬ ಕಂಪ್ಯೂಟರ್ ಭಾಷೆಯದು. ನನಗೆ ಬರುವುದು ವಿಡಿಯೊ ನೋಡಿ ಕಲಿತ ಪೈಥಾನ್. ಪೈಥಾನಿನಿಂದಲೇ ಸಿ ಲೈಬ್ರರಿಯನ್ನು ಕರೆದು ಕೆಲಸ ಮಾಡಿಸಬಹುದು, ನಾಲ್ಕೇ ಸಾಲು ಸಾಕು ಎಂದು ವಿಡಿಯೊದವನು ಹೇಳಿದ್ದ.

"ಕೈಯಲ್ಲಿ ಬರ್ದ್ಬಿಡೇ, ಹತ್ತು ನಿಮಿಷದ ಕೆಲ್ಸ," ಎಂದರು ಶಿಫ್ಟಿಗೆ ಹೊರಟ ಯಜಮಾನರು.

"ಕೈಬರಹಕ್ಕೆ ಕಾನ್ವೆಂಟಲ್ಲೇ ಪ್ರೈಜ್ ತಗೊಂಡಾಯ್ತು ರೀ. ಮನುಷ್ಯ ಮುಂದಕ್ಕೆ ಹೋಗ್ಬೇಕು."

ಮುಂದಕ್ಕೆ ಹೋದದ್ದು ಲೇಬಲ್. ಉದ್ದ ಐವತ್ತು ಮಿಲಿಮೀಟರ್ ಎಂದು ಕೊಟ್ಟೆ. ಸಿ ಮಹಾಶಯರಿಗೆ ಅದು ದಶಮಾಂಶದಲ್ಲಿ, ಐವತ್ತು ಪಾಯಿಂಟ್ ಸೊನ್ನೆ ಎಂದು, ಬೇಕಿತ್ತಂತೆ. ಬಾಯಿಬಿಟ್ಟು ಕೇಳುವ ಸ್ವಭಾವ ಅವರದಲ್ಲ. ತೋಚಿದ ಉದ್ದ ಹಿಡಿದರು. ಖಾಲಿ ಪಟ್ಟಿ ಮೇಜಿನಿಂದಿಳಿದು, ಕಲಶಕ್ಕೆ ಅರ್ಧ ಪ್ರದಕ್ಷಿಣೆ ಹಾಕಿ, ಹೊಸಿಲು ದಾಟಿತು.

ಅದನ್ನು ಸರಿಪಡಿಸುವಷ್ಟರಲ್ಲಿ ಸಂಜೆ ಐದೂವರೆ. ಈಗ ಲೇಬಲ್ಲುಗಳು ಮುದ್ದಾಗಿ, ಅಳತೆಗೆ ಸರಿಯಾಗಿ ಬಂದವು. ಪ್ರತಿಯೊಂದರ ಮೇಲೂ ಇಂಗ್ಲಿಷಿನ ಒಂದೇ ಒಂದು ಅಕ್ಷರ. ಶಾರದಾ ಬರೀ ಎಸ್. ಮಂಗಳಾ ಬರೀ ಎಂ. ಅಷ್ಟರಲ್ಲಿ ಬಾಗಿಲ ಬೆಲ್ ಆಯಿತು. ಇದೇ ಈಗಿನ ಫ್ಯಾಷನ್ ಎಂದುಕೊಂಡು ಅಂಟಿಸಿದೆ.

ಜಯಮ್ಮನವರೇ ಮೊದಲು ಬಂದರು.

"ಇದು ನಮ್ ಗೇಟ್ ಮ್ಯಾಲಿರೋ ಅಕ್ಸರ ಅಲ್ವೇನವ್ವಾ?"

"ಹೂಂ ಜಯಮ್ಮ, ನಿಮ್ಮ ಹೆಸ್ರಿನ ಜೆ."

ಅವರ ಮುಖ ಅರಳಿತು. ಸಾಲಾಗಿದ್ದ ಮೂರೂ ಜೆ ಚೀಲಗಳನ್ನು ಎದೆಗವಚಿಕೊಂಡರು. "ಓದ್ ವರ್ಸುದ್ದು, ಈ ವರ್ಸುದ್ದು, ಬರೋ ವರ್ಸುದ್ದು ಅಡ್ವಾನ್ಸು. ಎಂಥಾ ಮನಸ್ಸು ತಾಯಿ ನಿಂದು."

ಓನರ್ ಕೈಯಿಂದ ವಾಪಸ್ ಕೇಳುವ ಧೈರ್ಯ ನನಗೆ ಬರಲಿಲ್ಲ. ಆಮೇಲೆ ಬಂದ ಪಕ್ಕದ ಮನೆಯ ಜ್ಯೋತಿ, ಜಯಶ್ರೀ ಇಬ್ಬರೂ "ಪರ್ವಾಗಿಲ್ಲ ಆಂಟಿ" ಎಂದು ಬರೀ ಕುಂಕುಮ ಇಟ್ಟುಕೊಂಡು ಹೋದರು. ಈ ವರ್ಷ ಮೆಟ್ಟಿಲ ಮೇಲೆ ಎರಡು ಜೊತೆ ಕಾಲಿನ ಸದ್ದು.

ಯಜಮಾನರು ಶಿಫ್ಟ್ ಮುಗಿಸಿ ಬಂದು ನನ್ನ ನಾಲ್ಕು ಸಾಲು ನೋಡಿದರು. "ಪೈಥಾನ್ ಒಂದೊಂದಕ್ಷರಕ್ಕೂ ನಾಕ್ ಡಬ್ಬಿ ಕ್ಯಾರಿಯರ್ ಕಳ್ಸುತ್ತೆ ಕಣೇ. ಮೊದಲ್ನೇ ಡಬ್ಬಿ ತುಂಬಿರುತ್ತೆ, ಮಿಕ್ಕಿದ್ದು ಖಾಲಿ. ಸಿ ಖಾಲಿ ಡಬ್ಬಿ ಕಂಡ ತಕ್ಷಣ ಊಟ ಆಯ್ತು ಅಂತ ಕೈ ತೊಳ್ಕೊಂಡ್ಬಿಡುತ್ತೆ. ಹೆಸರನ್ನ ಬೈಟ್ಸ್ ಮಾಡಿ, ಅಂದ್ರೆ ಅಕ್ಷರಕ್ಕೊಂದೇ ಡಬ್ಬಿ ಕಟ್ಟಿ, ಕಳಿಸ್ಬೇಕಿತ್ತು."

ಮರುದಿನ ಎರಡು ಹೊಸ ಚೀಲ ತುಂಬಿ, ಯಂತ್ರದ ಕಡೆ ತಿರುಗಿಯೂ ನೋಡದೆ, ಪೆನ್ನು ಹಿಡಿದು ಎರಡು ಹೆಸರು ಬರೆದು ಕೊಂಡೊಯ್ದೆ. ಜ್ಯೋತಿ ಚೀಲವನ್ನು ಬೆಳಕಿಗೆ ಹಿಡಿದಳು.

"ಆಂಟಿ, ಫಾಂಟ್ ಸಕ್ಕತ್ತಾಗಿದೆ. ಯಾವ ಸಾಫ್ಟ್‌ವೇರು?"

"ತುಂಬಾ ಹಳೇದಮ್ಮಾ," ಎಂದು ಶಾಯಿ ಅಂಟಿದ ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡೆ.