ಗುರುರಾಜರ ಜಂಗಲಿ ಬಾದಾಮಿ

ಏಕೀಕರಣದ ವರ್ಷ ಖಾನಾಪುರದ ಕಾಡಿನಿಂದ ಜಂಗಲಿ ಬಾದಾಮಿಯ ಸಸಿ ತಂದು ಹಿತ್ತಲಲ್ಲಿ ನೆಟ್ಟ ಮೇಲೆ, ಜೋರಾಪುರ ಪೇಟೆಯ ಗುರುರಾಜರ ಕಣ್ಣಿಗೆ ಊರಿನ ಉಳಿದ ಗಿಡಗಳೆಲ್ಲ ಬರೀ ಕಸ. ಹೆಂಡತಿ ಆನಂದೀಬಾಯಿ ಅಲ್ಲಿ ನುಗ್ಗೆ ಹಚ್ಚಬೇಕೆಂದಿದ್ದರು.

“ನುಗ್ಗಿ! ಕಂಬಳಿಹುಳಾ ಸಾಕೋರು ಹಚ್ಚತಾರ ಅದನ್ನ. ಇದರ ಬೀಜಾ ಹುರದು ತಿನ್ನಲಿಕ್ಕೆ, ಎಣ್ಣಿ ಕಜ್ಜಿಗೆ, ತೊಗಟಿ ಕೀಲುನೋವಿಗೆ. ಗಿಡ ಅಲ್ಲ ಇದು, ದವಾಖಾನಿ!”

“ಎಂಟೊಂಬತ್ತು ವರ್ಷ ಆತು. ದವಾಖಾನಿ ಇನ್ನೂ ಬಾಗಲಾ ತಗದಿಲ್ಲ.”

ತೆಗೆಯಿತು. ಶಿವರಾತ್ರಿ ಕಳೆದದ್ದೇ ತಡ, ಎಲೆಯೆಲ್ಲ ಉದುರಿಸಿ ಕೆಂಪು ಹೂಗೊಂಚಲು ಬಿಟ್ಟಿತು. ವಾಸನೆ ಮಾತ್ರ (ಊಟಕ್ಕೆ ಕೂತವರು ಕ್ಷಮಿಸಬೇಕು) ಸಾಕ್ಷಾತ್ ಸಂಡಾಸಿನದು!

ಗುರುರಾಜರು ಬಾಜುಮನೆಯ ಶಂಕರೆಪ್ಪನ ಮೋರಿಯನ್ನು ಬೈದರು. ಪಾಪ, ಅವನು ಮೋರಿ ತೊಳೆಸಿದ. ನಾತ ಹೋಗಲಿಲ್ಲ.

“ಅವನ ಮನೆತನಾನ ನಾರತದ!”

“ನಾರೂದು ನಿಮ್ಮ ಗಿಡಾರೀ.”

“ನಿನ್ನ ಮೂಗಿಗೆ ಒಗ್ಗರಣಿ ಬಿಟ್ರ ಏನು ತಿಳೀತದ?”

ಅದೇ ವಾರ ಬಬಲೇಶ್ವರದಿಂದ ಶಿವಾನಂದ, ಹೀರಾಬಾಯಿ ದಂಪತಿ ಮಗನಿಗಾಗಿ ಇವರ ಮಗಳನ್ನು ನೋಡಲು ಬಂದರು. ಆನಂದೀಬಾಯಿ ಕಟ್ಟುಗಟ್ಟಲೆ ಊದಿನಕಡ್ಡಿ ಹಚ್ಚಿ ಹಿತ್ತಲ ಬಾಗಿಲಿಗೆ ಅಗಳಿ ಜಡಿದಿದ್ದರು. ಗುರುರಾಜರು ಅದನ್ನು ಸರ್ರನೆ ತೆಗೆದರು. “ಒಳಗ ಬರೇ ಹೊಗಿ. ಬರ್ರಿ, ನಮ್ಮ ಗಿಡಾ ನೋಡ್ರಿ!”

ಬೀಗರಾಗುವವರಿಗೆ ಗಿಡದ ಬುಡದಲ್ಲೇ ಕುರ್ಚಿ, ಅಲ್ಲೇ ಅವಲಕ್ಕಿ. ಹೀರಾಬಾಯಿಯ ಸೆರಗು ಮೂಗಿಗೇರಿತು. ಶಿವಾನಂದರು ಕುರ್ಚಿ ಹಿಂದೆ ಸರಿಸಿದರು. ಇದು ಸಂಕೋಚವೆಂದು ತಿಳಿದ ಗುರುರಾಜರು ತಮ್ಮ ಕುರ್ಚಿ ಮುಂದೆ ಸರಿಸಿದರು. ಹೀಗೆ ಸರಿಯುತ್ತ ಬೀಗರ ಬೆನ್ನು ಕಾಂಪೌಂಡಿನ ಗೋಡೆ ಮುಟ್ಟಿತು.

ಹೊರಡುವಾಗ ಹೀರಾಬಾಯಿ ಆನಂದೀಬಾಯಿಯನ್ನು ಬದಿಗೆ ಕರೆದರು. ಹಿತ್ತಲ ಬಾಗಿಲ ಹಿಂದೆ ಗುರುರಾಜರ ಕಿವಿ.

“ಹುಡುಗಿ ನಮಗ ಪಸಂದ ಅದಾಳ್ರಿ. ಆದ್ರ ಒಂದ ಮಾತು, ಬ್ಯಾಸರ ಮಾಡ್ಕೋಬ್ಯಾಡ್ರಿ. ನಿಮ್ಮ ಯಜಮಾನರಿಗೆ ಹೊಟ್ಟೀದು ಏನೋ ತ್ರಾಸ ಅದ. ಹತ್ರ ಬಂದಷ್ಟೂ… ಲಗ್ನಕ್ಕಿಂತ ಮೊದಲ ಔಷಧ ಕೊಡಸ್ರಿ.”

ಗುರುರಾಜರು ಬಾಗಿಲು ದೂಡಿ ಬಂದರು. “ಅದು ನಾನಲ್ರಿ!”

“ಹಂಗಾದ್ರ ಯಾರ್ರಿ?” ಆನಂದೀಬಾಯಿ ಹಾಲಿನಂಥ ಮುಖ ಮಾಡಿ ಕೇಳಿದರು.

ಗುರುರಾಜರು ಗಿಡದ ಕಡೆ ನೋಡಿದರು. ಗೋಡೆಯಾಚೆ ಶಂಕರೆಪ್ಪ ಕಿವಿ ನಿಮಿರಿಸಿ ನಿಂತಿದ್ದ.

“ನಾನ,” ಎಂದರು ಗುರುರಾಜರು. “ಸ್ವಲ್ಪ ಹೊಟ್ಟಿ ಕೆಟ್ಟದ.”

ಆನಂದೀಬಾಯಿ ಬೀಗಿತಿಯ ಎದುರೇ ಹರಳೆಣ್ಣೆಯ ಬಟ್ಟಲು ತಂದು ಹಿಡಿದರು. ಗುರುರಾಜರು ಗಟಗಟ ಕುಡಿದರು.