ನಾಲ್ಕು ಸೀಟಿನ ಬಸ್ಸು

ನಮ್ಮ ಸೋದರಮಾವನನ್ನು ರಕ್ತದ ಗುಂಪು ಯಾವುದೆಂದು ಕೇಳಿ ನೋಡಿ. "ಪ್ರೈವೇಟು, ಲಿಮಿಟೆಡ್ ಸ್ಟಾಪು" ಎನ್ನುತ್ತಾರೆ! ನಗಬೇಡಿ, ಅವರು ನಗುವುದಿಲ್ಲ. ಚನ್ನಗಿರಿಯಿಂದ ಹೊನ್ನಾಳಿ ಮೇಲೆ ನ್ಯಾಮತಿಗೆ ಓಡುವ ಖಾಸಗಿ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರಾಗಿದ್ದು ನಿವೃತ್ತರಾದ ಈ ಮಹನೀಯರು, ಮನುಷ್ಯದೇಹವೆಂಬುದು ಮೂಲತಃ ಒಂದು ಬಸ್ ರೂಟು ಎಂಬ ತೀರ್ಮಾನಕ್ಕೆ ಬಂದು ಬಹಳ ಕಾಲವಾಯಿತು.

ಎಲ್ಲದಕ್ಕೂ ಮೂಲ, ಯಾರೋ ಬಸ್ಸಿನಲ್ಲಿ ಮರೆತುಹೋದ ಹೈಸ್ಕೂಲಿನ ವಿಜ್ಞಾನ ಪುಸ್ತಕ. ವಾರಸುದಾರರು ಬರುವ ತನಕ ಜೋಪಾನ ಮಾಡುವುದು ಕಂಡಕ್ಟರನ ಧರ್ಮವಲ್ಲವೆ? ಓದದೆ ಜೋಪಾನ ಮಾಡುವುದಾದರೂ ಹೇಗೆ? ವಾರಸುದಾರರು ಬರಲಿಲ್ಲ. ಮಾವ ರಕ್ತದ ಪಾಠದಿಂದ ಹೊರಗೆ ಬರಲಿಲ್ಲ.

"ನೋಡಳಿಯಾ, ಶ್ವಾಸಕೋಶ ಅಂದ್ರೆ ಚನ್ನಗಿರಿ ಸ್ಟ್ಯಾಂಡು. ಆಮ್ಲಜನಕ ಹತ್ತೋದು ಅಲ್ಲಿ. ಹಿಮೋಗ್ಲೋಬಿನ್ ಅನ್ನೋದು ಗಾಡಿ. ಒಂದಕ್ಕೆ ನಾಕೇ ಸೀಟು. ಸ್ಟ್ಯಾಂಡಿಂಗ್ ಇಲ್ಲವೇ ಇಲ್ಲ! ಒಂದೊಂದು ಕೆಂಪು ಕಣದಾಗೆ ಇಂಥ ಗಾಡಿ ಕೋಟಿಗಟ್ಟಲೆ ಐತೆ."

"ಕಾಲಿನ ಹೆಬ್ಬೆರಳು ಯಾವೂರು ಮಾವ?"

"ಜಗಳೂರು. ಅಷ್ಟು ದೂರ ಆದ್ರೂ ಒಂದೇ ನಿಮಿಷದಾಗೆ ಹೋಗಿ ಬರತೈತೆ!"

"ನಿಮ್ಮ ಬಸ್ಸು ಹೊನ್ನಾಳೀಲಿ ಟೀ ಕುಡಿಯಾಕೇ ಅರ್ಧ ಗಂಟೆ ನಿಲ್ತಿತ್ತಲ್ಲ?"

"ಅದು ದೇವರ ಬಸ್ಸು ಕಣಪ್ಪ. ನಮ್ದು ಸಾಹುಕಾರ್‍ರದು."

ಮುಂದಿನ ಮಾತಿಗೆ ಬಂದರೆ ಮಾವನ ದನಿ ಪೂಜಾರಿಯ ದನಿಯಂತೆ ತಗ್ಗುತ್ತದೆ. ದುಡಿದು ದುಡಿದು ಬಿಸಿಯಾದ ಸ್ನಾಯುವಿನ ಹತ್ತಿರ ಆಮ್ಲಜನಕ ಹೆಚ್ಚು ಇಳಿಯುತ್ತದಂತೆ, ಸುಮ್ಮನಿದ್ದ ಕಡೆ ಕಡಿಮೆ. "ಬೋರ್ಡಿಲ್ಲ, ಸೀಟಿ ಇಲ್ಲ, 'ಯಾರ್‍ರೀ ಇಳಿಯೋರು' ಅಂತ ಕೂಗೋರಿಲ್ಲ. ಹೆಂಗೆ ಗೊತ್ತಾಗತೈತೆ ಅಂತೀನಿ!" ಎನ್ನುವಾಗ ಅವರ ಕಣ್ಣು ಒದ್ದೆಯಾಗಿರುತ್ತದೆ. ನನಗೂ ಮೈ ಜುಮ್ಮೆಂದದ್ದು ಸುಳ್ಳಲ್ಲ.

"ಇನ್ನೊಂದು ಕೇಳು. ಕೆಂಪು ಕಣ ಜೀವಮಾನವೆಲ್ಲ ಆಮ್ಲಜನಕ ಹೊತ್ತು ತಿರುಗತೈತೆ, ತಾನು ಮಾತ್ರ ಒಂದು ಗುಟುಕೂ ಮುಟ್ಟಲ್ಲ! ಥೇಟ್ ನನ್ನಂಗೆ. ಮೂವತ್ತು ವರ್ಷ ಸೀಟಿನ ಮೇಲೆ ಕುಂತೋನಲ್ಲ."

ಒಳಗಿನಿಂದ ಅತ್ತೆಯ ದನಿ ಬಂತು: "ಬಸ್ಸಿನಾಗೆ ಕುಂತಿಲ್ಲ, ಒಪ್ಪಿದೆ. ಮನಿಯಾಗೆ ಎದ್ದಿದ್ದು ಯಾವಾಗ ರೀ?"

ರಕ್ತದಲ್ಲಿನ ಆಮ್ಲಜನಕ ಅಳೆಯಲೆಂದು ಕೊರೊನಾ ಕಾಲದಲ್ಲಿ ಕೊಂಡ ಆಕ್ಸಿಮೀಟರು ಇವರ ಜೇಬಿನ ಖಾಯಂ ಪ್ರಯಾಣಿಕ. ಮನೆಗೆ ಬಂದವರ ಬೆರಳನ್ನು ಅದು ಕಚ್ಚಿ ಹಿಡಿದು ಅಂಕಿ ತೋರಿಸಿದ ಮೇಲೆಯೇ ಕಾಫಿ. ಮಗಳ ಮದುವೆಯ ಮಾತಿಗೆ ತ್ಯಾವಣಿಗೆಯಿಂದ ಬಂದ ಬೀಗರನ್ನು ಸಾಲಾಗಿ ಕೂರಿಸಿ ತಪಾಸಣೆ ನಡೆಸಿದರು. ಸಂಬಂಧ ಕೂಡಿತು, ಬೀಗರು ಮಾತ್ರ ಇಂದಿಗೂ ಕೈ ಕಟ್ಟಿಕೊಂಡೇ ಒಳಗೆ ಬರುತ್ತಾರೆ.

ಹೋದ ವರ್ಷ ಅತ್ತೆಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು. ಮಾವ ಮೀಟರು ಕಚ್ಚಿಸಿದರು. ನೂರಕ್ಕೆ ತೊಂಬತ್ತೆಂಟು! "ಸೀಟೆಲ್ಲ ಫುಲ್ಲು. ನಿಂಗೇನೂ ಆಗಿಲ್ಲ." ಮರುದಿನವೂ ತೊಂಬತ್ತೆಂಟು, ಮರುವಾರವೂ ತೊಂಬತ್ತೆಂಟು. ಒಂದು ಬೆಳಿಗ್ಗೆ ಬಟ್ಟೆ ಒಣಹಾಕುತ್ತಿದ್ದ ಅತ್ತೆ ಬಕೆಟ್ಟಿನ ಪಕ್ಕದಲ್ಲೇ ಕುಸಿದರು. ಮುಖ ಹತ್ತಿಯಂತೆ ಬಿಳುಚಿತ್ತು.

ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್ ಆರು ಎಂದರು. ಆರೋಗ್ಯವಾಗಿರುವ ಹೆಂಗಸಿಗೆ ಅದರ ಎರಡರಷ್ಟಾದರೂ ಇರಬೇಕಂತೆ. ಮಾವ ಮೀಟರನ್ನು ಸಾಕ್ಷಿಯಂತೆ ಎತ್ತಿ ಹಿಡಿದರು: "ತೊಂಬತ್ತೆಂಟು ಐತಲ್ರೀ ಡಾಕ್ಟ್ರೇ!"

"ಇರೋ ಹಿಮೋಗ್ಲೋಬಿನ್ ತುಂಬಿದೆಯಾ ಅಂತ ಅದು ಹೇಳುತ್ತೆ ಯಜಮಾನ್ರೇ. ಹಿಮೋಗ್ಲೋಬಿನ್ ಎಷ್ಟಿದೆ ಅಂತ ಹೇಳಲ್ಲ" ಎಂದರು ಡಾಕ್ಟರಮ್ಮ.

ಮಾವ ಮೀಟರನ್ನು ಕೆಳಗಿಳಿಸಿದರು. "ಅಂದ್ರೆ... ಸೀಟು ಫುಲ್ಲೇ ಐತೆ. ಬಸ್ಸೇ ಇಲ್ಲ."

"ಕಬ್ಬಿಣದ ಅಂಶ ತೀರಾ ಕಡಿಮೆಯಾಗಿದೆ. ಮನೇಲಿ ಏನು ಊಟ ಮಾಡ್ತಾರೆ?"

ಪ್ರತಿ ಸ್ಟಾಪಿನಲ್ಲಿ ಎಷ್ಟು ಜನ ಹತ್ತಿದರು, ಎಷ್ಟು ಜನ ಇಳಿದರೆಂದು ಇಂದಿಗೂ ಹೇಳಬಲ್ಲ ಮನುಷ್ಯ ನನ್ನ ಮುಖ ನೋಡಿದರು. ಅತ್ತೆ ಉಣ್ಣುವುದನ್ನು ಅವರು ನೋಡಿಯೇ ಇರಲಿಲ್ಲ. ನಾನು ಮಾತ್ರ ನೋಡಿದ್ದೆನೆ? ಅತ್ತೆಯೇ ಹೇಳಬೇಕಾಯಿತು: ಎಲ್ಲರಿಗೂ ಬಡಿಸಿದ ಮೇಲೆ, ತಳದಲ್ಲಿ ಏನು ಉಳಿದಿದೆಯೋ ಅದು, ಒಲೆಯ ಮುಂದೆ ನಿಂತುಕೊಂಡೇ.

ಎರಡು ಚೀಲ ರಕ್ತ ಏರಿಸಿದರು. ಮಾವ ಮಂಚದ ಪಕ್ಕ ನಿಂತೇ ಇದ್ದರು. "ಯಾವೂರಿನ ಪುಣ್ಯಾತ್ಮರ ಗಾಡಿಗಳೋ ಅಳಿಯಾ, ಇವಳ ರೂಟಿಗೆ ಬಂದಾವೆ" ಎಂದರು. ಮೊದಲ ಹನಿ ನಳಿಗೆಯಲ್ಲಿ ಇಳಿದಾಗ, ಬೇರೆ ಯಾರಿಗೂ ಕೇಳಿಸದಷ್ಟು ಮೆಲ್ಲಗೆ, "ರೈಟ್" ಎಂದರು.

ಮೊನ್ನೆ ಹೋಗಿದ್ದೆ. ಯಾರೂ ನನ್ನ ಬೆರಳು ಕೇಳಲಿಲ್ಲ. ಅಡುಗೆಮನೆಯಲ್ಲಿ ಅತ್ತೆ ಮಣೆಯ ಮೇಲೆ ಕೂತಿದ್ದರು. ಮಾವ ಸೌಟು ಹಿಡಿದು ನಿಂತು, ರಾಗಿ ಮುದ್ದೆಯ ಮೇಲೆ ಸೊಪ್ಪಿನ ಸಾರು ಸುರಿಯುತ್ತಿದ್ದರು. ಅರ್ಧ ನೆಲಕ್ಕೆ.

"ಅಳಿಯ ಬಂದಾನೆ, ಅವನಿಗೆ ಮೊದಲು ನೀಡಾಕೆ ಆಗಲ್ಲೇನ್ರೀ? ಇಲ್ಲಾಂದ್ರೆ ನೀವಾದ್ರೂ ಕುಂದರ್ರಿ" ಎಂದು ಅತ್ತೆ ಏಳಹೋದರು.

ಮಾವ ಸೌಟು ಅಡ್ಡ ಹಿಡಿದರು.

"ಅವನು ಕಾಯ್ತಾನೆ. ಮೊದ್ಲು ನಿನ್ ಸ್ಟಾಪು. ಉಣ್ಣು."