ಚಿಕ್ಕಪ್ಪನ ಸ್ವಂತ ಸರ್ಚ್ ಎಂಜಿನ್

ನಮ್ಮ ಚಿಕ್ಕಪ್ಪನ ಬಳಿ ಸ್ವಂತದ್ದೊಂದು ಸರ್ಚ್ ಎಂಜಿನ್ ಇದೆ. ನಗಬೇಡಿ! ಕೆಲವರು ಸ್ವಂತ ಜೀಪು ಇಟ್ಟುಕೊಂಡಿಲ್ಲವೇ, ಹಾಗೆಯೇ ಇದೂ. ಕಡಬದ ಪೇಟೆಯಲ್ಲಿ ಮೂವತ್ತು ವರ್ಷ ಟೈಪಿಂಗ್ ಕಲಿಸಿದ ಬ್ರಹ್ಮಚಾರಿ ಅವರು. ಕಲಿಯುವವರು ಬರುವುದು ನಿಂತಿತು, ಇವರ ಬೆರಳುಗಳು ನಿಲ್ಲಲಿಲ್ಲ. ಅಡಿಕೆ ಮರ ಹತ್ತುವವರು ಯಾರು, ಹಾವು ಹಿಡಿಯುವವರು ಯಾರು, ರಾಮಕುಂಜಕ್ಕೆ ಕೊನೆಯ ಬಸ್ಸು ಎಷ್ಟು ಗಂಟೆಗೆ, ಎಲ್ಲವನ್ನೂ ಟೈಪಿಸಿ ಅದಕ್ಕೆ ಉಣಿಸಿದ್ದಾರೆ.

ಈ ಎಂಜಿನ್ ಕುಳಿತಿರುವುದು ಕಂಪ್ಯೂಟರಿನೊಳಗಿನ ಒಂದು ಕಂಟೈನರಿನಲ್ಲಿ. ಹಾಗೆಂದರೇನು ಎಂದು ಕೇಳಿದ್ದಕ್ಕೆ, ಅದೊಂದು ಡಬ್ಬಿ, ಹಳತಾದರೆ ಬಿಸಾಡಿ ಹೊಸತು ತಂದರಾಯಿತು ಎಂದಿದ್ದರು. ಒಂದು ದಿನ ಹಾಗೆಯೇ ಮಾಡಿಯೂಬಿಟ್ಟರು. ಮಾಹಿತಿಯನ್ನು ಡಬ್ಬಿಯ ಹೊರಗೆ ಬೇರೆಯಾಗಿ ಇಡಬೇಕಿತ್ತಂತೆ, ಇಟ್ಟಿರಲಿಲ್ಲ. ಎಂಟು ತಿಂಗಳ ಟೈಪಿಂಗ್ ಡಬ್ಬಿಯ ಜೊತೆಗೇ ಗೋವಿಂದ! ಸಮಾಧಾನ ಹೇಳೋಣವೆಂದು ಪುತ್ತೂರಿನಿಂದ ಬಸ್ಸು ಹತ್ತಿ ಹೋದರೆ, ಮನುಷ್ಯ ಖುಷಿಯಲ್ಲಿದ್ದಾರೆ.

"ಎಂತ ಮಾಡುದು ಮಾರಾಯ, ಪುನಃ ಟೈಪ್ ಮಾಡುದು. ಇನ್ನು ಎಂಟು ತಿಂಗಳಿಗೆ ಕೆಲಸ ಉಂಟಲ್ಲ," ಎಂದರು.

ಎಂಟು ತಿಂಗಳು ಕಳೆದು ಮತ್ತೆ ಹೋದಾಗ ಎಲ್ಲವೂ ಮೊದಲಿನಂತೆ ತುಂಬಿತ್ತು. ಒಬ್ಬರು ಓಡಿ ಬಂದು, ಬಚ್ಚಲಿಗೆ ಹೆಬ್ಬಾವು ಹೊಕ್ಕಿದೆ, ಹಿಡಿಯುವವರ ನಂಬರು ಬೇಕು ಎಂದರು. ಚಿಕ್ಕಪ್ಪನಿಗೆ ಆ ನಂಬರು ಬಾಯಿಪಾಠ! ಆದರೂ, ಮೊಬೈಲಿನಲ್ಲಿ ಹುಡುಕಿ ಎಂದು ಎಂಜಿನ್ನಿನ ವಿಳಾಸದ ಚೀಟಿ ಕೊಟ್ಟರು. ಬಂದವರು ಚೀಟಿಯನ್ನು ಜೇಬಿಗೆ ಹಾಕಿಕೊಂಡು ಪಕ್ಕದ ಹೋಟೆಲಿನಲ್ಲಿ ಕೇಳಿಕೊಂಡು ಹೋದರು. ಹೆಬ್ಬಾವು ಕಾಯುತ್ತದೆಯೇ?

ಯಾರು ಏನು ಹುಡುಕಿದರು ಎಂಬ ಪಟ್ಟಿಯೂ ಅದರಲ್ಲಿ ಬೀಳುತ್ತದೆ. ಚಿಕ್ಕಪ್ಪ ಚಹಾ ಮಾಡಲು ಒಳಗೆ ಹೋದಾಗ ತೆರೆದು ನೋಡಿದೆ. ದಿನಕ್ಕೆ ನಲವತ್ತು ಹುಡುಕಾಟ! ಪರವಾಗಿಲ್ಲವೇ ಎಂದುಕೊಂಡು ಸರಿಯಾಗಿ ನೋಡಿದರೆ, ನಲವತ್ತೂ ಅದೇ ಕಂಪ್ಯೂಟರಿನಿಂದ. ಕೇಳುವವರೂ ಅವರೇ, ಉತ್ತರ ಟೈಪಿಸಿಟ್ಟವರೂ ಅವರೇ. ನನಗೆ ನಗು ಬರಲಿಲ್ಲ, ಸಂಕಟವಾಯಿತು. ಚಹಾ ತಂದ ಚಿಕ್ಕಪ್ಪ ಪರದೆಯನ್ನು ನೋಡಿದರು, ನನ್ನನ್ನು ನೋಡಲಿಲ್ಲ.

"ಒಬ್ಬರಾದ್ರೂ ಕೇಳ್ತಾ ಇರ್ಬೇಕಲ್ಲ, ಇಲ್ಲದಿದ್ರೆ ಅದಕ್ಕೂ ಬೇಜಾರು," ಎಂದರು.

ಪುತ್ತೂರಿಗೆ ಮರಳಿದವನು ಮೊಬೈಲ್ ಹಿಡಿದು ಕುಳಿತೆ. ಏನು ಹುಡುಕುವುದು? ನನಗೆ ಹಾವೂ ಬೇಡ, ಬಸ್ಸೂ ಬೇಡ. ಕೊನೆಗೆ, 'ಚಿಕ್ಕಪ್ಪ, ಊಟ ಆಯ್ತಾ?' ಎಂದು ಬರೆದು ಒತ್ತಿದೆ. ಯಾವ ಮಾಹಿತಿಯೂ ಸಿಗಲಿಲ್ಲ ಎಂದಿತು. ಮರುದಿನ ಮನಸ್ಸು ತಡೆಯದೆ ಅದನ್ನೇ ಮತ್ತೆ ಹುಡುಕಿದೆ. ಈ ಸಲ ಒಂದೇ ಒಂದು ಉತ್ತರ ಬಂತು:

'ಆಯ್ತು. ಗಂಜಿ, ಉಪ್ಪಿನಕಾಯಿ. ನಿನ್ನದು?'